ಹೊರಡುವ ಮುನ್ನ ಹೇಳುವ ಗಾಡಿ: ನರ್ಸರಿಯ ಟ್ರೇ ಗಾಡಿಯೊಂದರ ದುರಸ್ತಿ ವಿವರ

ಕೋಲಾರದಿಂದ ಶ್ರೀನಿವಾಸಪುರದ ಕಡೆಗೆ ಹೋಗುವ ದಾರಿಯಲ್ಲಿರುವ ತರಕಾರಿ ಸಸಿಗಳ ನರ್ಸರಿಯೊಂದರಿಂದ ದುರಸ್ತಿಗೆಂದು ನನ್ನ ಬಳಿ ಬಂದ ಗಾಡಿಯಲ್ಲಿ ಕೆಟ್ಟುಹೋದ ಭಾಗ ಒಂದೂ ಇರಲಿಲ್ಲ. 24 ವೋಲ್ಟಿನ, 250 ವ್ಯಾಟಿನ ಎರಡು ಗೇರ್ ಮೋಟರ್‌ಗಳು ಸರಿಯಾಗಿ ತಿರುಗುತ್ತಿದ್ದವು. 12 ವೋಲ್ಟಿನ ಎರಡು ಬ್ಯಾಟರಿಗಳು ಚಾರ್ಜ್ ಹಿಡಿಯುತ್ತಿದ್ದವು. ನೆಲಕ್ಕೆ ಅಂಟಿಸಿದ ಮ್ಯಾಗ್ನೆಟಿಕ್ ಟೇಪನ್ನು ಗುರುತಿಸುವ ಸೆನ್ಸರ್ ಪಟ್ಟಿ ಒಂದು ಬೆರಳಿನಷ್ಟೂ ದಾರಿ ತಪ್ಪುತ್ತಿರಲಿಲ್ಲ. ಕಟ್ಟಿಕೊಟ್ಟ ವರ್ಕ್‌ಶಾಪಿನವರು ಯಂತ್ರದ ಕೆಲಸವನ್ನು ಅಚ್ಚುಕಟ್ಟಾಗಿಯೇ ಮಾಡಿದ್ದರು. ಆದರೂ ಗಾಡಿಯನ್ನು ನರ್ಸರಿಯ ಮೂಲೆಯಲ್ಲಿ ನಿಲ್ಲಿಸಿ, ಹೆಂಗಸರು ಮೊದಲಿನಂತೆ ತಲೆಯ ಮೇಲೆ ಟ್ರೇ ಹೊತ್ತು ಓಡಾಡುತ್ತಿದ್ದರು. ಮಾಲೀಕರು ಫೋನಿನಲ್ಲಿ ಹೇಳಿದ ದೂರು ಇಷ್ಟೇ: ಗಾಡಿ ಚೆನ್ನಾಗಿ ಓಡುತ್ತದೆ, ಆದರೆ ಅದರ ಹತ್ತಿರ ಹೋಗಲು ಯಾರೂ ಒಪ್ಪುತ್ತಿಲ್ಲ.

ಗಾಡಿಯ ಕೆಲಸ ಸರಳವಾದದ್ದು. ಬೀಜ ಹಾಕಿದ ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ, ಪ್ಲಾಸ್ಟಿಕ್ ಹೊದಿಸಿ, ಮೊಳಕೆಯೊಡೆದ ಮೇಲೆ ಶೇಡ್ ನೆಟ್‌ನ ಕೆಳಗಿನ ಮಡಿಗಳಿಗೆ ಒಯ್ಯಬೇಕು. ಟೊಮೆಟೊ ಸಸಿಯಾದರೆ ಸುಮಾರು 25ರಿಂದ 30 ದಿನಕ್ಕೆ ನಾಟಿಗೆ ಬರುತ್ತದೆ, ಆಗ ಮಡಿಯಿಂದ ಗೇಟಿನ ಬಳಿಯ ಲೋಡಿಂಗ್ ಕಟ್ಟೆಗೆ ಸಾಗಿಸಬೇಕು. 98 ಕುಳಿಗಳ ಪ್ರೋ ಟ್ರೇಗಳನ್ನು ಆರು ಅಂತಸ್ತುಗಳಲ್ಲಿ, ಅಂತಸ್ತಿಗೆ ನಾಲ್ಕರಂತೆ, ಒಟ್ಟು 24 ಇಡಬಹುದು. ನೀರು ಕುಡಿದ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಬ್ಯಾಟರಿ, ಕಬ್ಬಿಣದ ಚೌಕಟ್ಟು ಎಲ್ಲ ಸೇರಿ ತೂಕ 100 ಕಿಲೋ ದಾಟುತ್ತದೆ. ಮಡಿಗಳ ನಡುವಿನ ಕಾಂಕ್ರೀಟ್ ದಾರಿ 1.2 ಮೀಟರ್ ಅಗಲ, ಗಾಡಿ 65 ಸೆಂಟಿಮೀಟರ್ ಅಗಲ. ಅಂದರೆ ಗಾಡಿ ಬರುವಾಗ ಟ್ರೇ ಹಿಡಿದ ವ್ಯಕ್ತಿ ಪಕ್ಕದಲ್ಲಿ ಸಲೀಸಾಗಿ ಹಾದುಹೋಗುವಂತಿಲ್ಲ, ಮಡಿಯ ಸಂದಿಗೆ ಇಳಿದು ನಿಲ್ಲಬೇಕು. ಇಳಿಯಬೇಕೋ ಬೇಡವೋ, ಯಾವ ಬದಿಗೆ, ಎಷ್ಟು ಬೇಗ ಎಂಬ ತೀರ್ಮಾನವನ್ನು ಆಕೆ ಗಾಡಿಯನ್ನು ನೋಡಿಯೇ ಮಾಡಬೇಕು. ಆ ಗಾಡಿಯಲ್ಲಿ ನೋಡಿ ತಿಳಿಯಬಹುದಾದದ್ದು ಏನೂ ಇರಲಿಲ್ಲ.

ಯಾವ ಸ್ಕ್ರೂ ಬಿಚ್ಚುವ ಮೊದಲೂ ನಾನು ಗಾಡಿಯನ್ನು ನರ್ಸರಿಯಲ್ಲೇ ಓಡಿಸಿ, ಜನ ಏನು ಮಾಡುತ್ತಾರೆಂದು ಬದಿಯಲ್ಲಿ ನಿಂತು ನೋಡಿದೆ. ಗಾಡಿ ನಿಂತಾಗ ಅವರೂ ನಿಲ್ಲುತ್ತಿದ್ದರು. ಅದು ಹೊರಡುವುದಿಲ್ಲವೆಂದು ನಂಬಿ ಹೆಜ್ಜೆ ಮುಂದಿಟ್ಟಾಗಲೇ ಅದು ಹೊರಡುತ್ತಿತ್ತು. ಒಬ್ಬಾಕೆ ಚಕ್ರದ ಮುಂದೆ ಖಾಲಿ ಟ್ರೇಗಳ ಕಟ್ಟನ್ನು ಅಡ್ಡ ಇಟ್ಟು ಲೋಡ್ ಮಾಡುತ್ತಿದ್ದರು. ಇನ್ನೊಬ್ಬರು ಪ್ರತಿ ಸಲ ಬ್ಯಾಟರಿಯ ಪ್ಲಗ್ಗನ್ನೇ ಕಿತ್ತು, ಟ್ರೇ ಜೋಡಿಸಿ, ಮತ್ತೆ ಸಿಕ್ಕಿಸುತ್ತಿದ್ದರು. ಮಾಲೀಕರು ಇದನ್ನು ಅಜ್ಞಾನವೆಂದು ಭಾವಿಸಿದ್ದರು. ನನ್ನ ದೃಷ್ಟಿಯಲ್ಲಿ ಆ ಸ್ಥಿತಿಯಲ್ಲಿ ಮಾಡಬಹುದಾದ ಅತ್ಯಂತ ಸರಿಯಾದ ಸುರಕ್ಷಾ ಕ್ರಮ ಅದೇ ಆಗಿತ್ತು. ಅಲ್ಲಿನ ಹಿರಿಯ ಕೆಲಸಗಾರ್ತಿಯೊಬ್ಬರು ದೋಷವನ್ನು ನನಗಿಂತ ಸ್ಪಷ್ಟವಾಗಿ ಹೇಳಿದರು: "ನಿಂತ್ರೆ ಯಾಕೆ ನಿಂತೈತೆ ಗೊತ್ತಾಗಲ್ಲ ಸಾರ್, ಹೊರಟ್ರೆ ಯಾವಾಗ ಹೊರಡ್ತದೆ ಗೊತ್ತಾಗಲ್ಲ. ತಳ್ಳೋ ಗಾಡಿ ಆಗಿದ್ರೆ ತಳ್ಳೋರ ಮುಖ ನೋಡ್ತಿದ್ವಿ."

ಈ ಕೊನೆಯ ಮಾತಿನಲ್ಲೇ ಇಡೀ ದುರಸ್ತಿಯ ನಕ್ಷೆ ಇತ್ತು. ತಳ್ಳುವವನು ಗಾಡಿಯ ಹಿಡಿಗೆ ಕೈ ಹಾಕಿದಾಗ, ಭುಜ ಬಗ್ಗಿಸಿದಾಗ, ಎಡಕ್ಕೆ ಕಣ್ಣು ಹೊರಳಿಸಿದಾಗ ಅವನ ಮುಂದಿನ ನಡೆ ಎದುರಿನವರಿಗೆ ಅರೆಕ್ಷಣ ಮೊದಲೇ ತಿಳಿದಿರುತ್ತದೆ. ತಳ್ಳುವವನನ್ನು ತೆಗೆದು ಮೋಟರ್ ಕೂರಿಸಿದಾಗ ಈ ಎಲ್ಲ ಸೂಚನೆಗಳೂ ಅವನ ಜೊತೆಯಲ್ಲೇ ಹೋದವು, ಅವುಗಳ ಜಾಗಕ್ಕೆ ಬೇರೇನೂ ಬರಲಿಲ್ಲ.

ರಸ್ತೆಯ ಮೇಲಿನ ಚಾಲಕರಹಿತ ವಾಹನಗಳಿಗೂ ಇದೇ ತೊಡಕು ಇದೆ. 2017ರಲ್ಲಿ ಫೋರ್ಡ್ ಕಂಪನಿಯು ವರ್ಜೀನಿಯಾ ಟೆಕ್ ಸಾರಿಗೆ ಸಂಸ್ಥೆಯ ಜೊತೆಗೂಡಿ ನಡೆಸಿದ ಪ್ರಯೋಗದಲ್ಲಿ, ಚಾಲಕನಿಗೆ ಸೀಟಿನ ಆಕಾರದ ಉಡುಪು ತೊಡಿಸಿ, ಹೊರಗಿನಿಂದ ನೋಡಿದವರಿಗೆ ವ್ಯಾನಿನಲ್ಲಿ ಯಾರೂ ಇಲ್ಲವೆಂಬಂತೆ ಕಾಣಿಸಿ, ಮುಂಗಾಜಿನ ಮೇಲ್ಭಾಗದಲ್ಲಿ ಬಿಳಿ ದೀಪದ ಪಟ್ಟಿಯನ್ನು ಅಳವಡಿಸಲಾಗಿತ್ತು. ದೀಪ ಅತ್ತಿತ್ತ ಚಲಿಸಿದರೆ ವಾಹನ ದಾರಿ ಬಿಡಲಿದೆ, ಸ್ಥಿರವಾಗಿ ಉರಿದರೆ ತಾನಾಗಿ ಓಡುತ್ತಿದೆ, ವೇಗವಾಗಿ ಮಿನುಗಿದರೆ ಹೊರಡಲಿದೆ ಎಂದು ಅರ್ಥ. 2023ರ ಡಿಸೆಂಬರಿನಲ್ಲಿ ಮರ್ಸಿಡಿಸ್-ಬೆಂಜ್ ಕಂಪನಿಗೆ ಅಮೆರಿಕದ ಕ್ಯಾಲಿಫೋರ್ನಿಯಾ ಮತ್ತು ನೆವಾಡಾ ರಾಜ್ಯಗಳಲ್ಲಿ, ಕಾರು ತಾನಾಗಿ ಓಡುತ್ತಿರುವಾಗ ಹೊರಗೆ ಹಸಿರುನೀಲಿ ದೀಪ ತೋರಿಸಲು ಒಪ್ಪಿಗೆ ಸಿಕ್ಕಿತು. ಕೆಂಪು, ಹಳದಿ ಮತ್ತು ಪೊಲೀಸ್ ವಾಹನದ ನೀಲಿ ಈಗಾಗಲೇ ಬೇರೆ ಅರ್ಥಗಳಿಗೆ ಮೀಸಲಾಗಿರುವುದರಿಂದ ಈ ಬಣ್ಣವನ್ನು ಆರಿಸಿಕೊಳ್ಳಲಾಗಿದೆ. ಇವೆರಡೂ ನನಗೆ ದಾರಿ ತೋರಿಸಿದವಾದರೂ ಹಾಗೆಯೇ ಎತ್ತಿಕೊಳ್ಳಲು ಬರಲಿಲ್ಲ. ರಸ್ತೆಯಲ್ಲಿ ಅಪರಿಚಿತರು ಕೆಲವೇ ಸೆಕೆಂಡುಗಳಲ್ಲಿ ಅರ್ಥ ಮಾಡಿಕೊಳ್ಳಬೇಕು. ನರ್ಸರಿಯಲ್ಲಿ ಅದೇ ಜನ ದಿನವಿಡೀ ಅದೇ ಗಾಡಿಯ ಜೊತೆ ಇರುತ್ತಾರೆ, ಕಲಿಯುತ್ತಾರೆ. ಇನ್ನು ಹಸಿರುನೀಲಿ ದೀಪವನ್ನು ಹಸಿರು ಶೇಡ್ ನೆಟ್‌ನ ಕೆಳಗೆ, ಹಸಿರು ಸಸಿಗಳ ನಡುವೆ ಹಚ್ಚಿ ನೋಡಿದಾಗ ಹತ್ತು ಹೆಜ್ಜೆ ದೂರದಿಂದ ಅದು ಉರಿಯುತ್ತಿದೆಯೋ ಇಲ್ಲವೋ ಎಂಬುದೇ ತಿಳಿಯಲಿಲ್ಲ.

ಮೊದಲು ಚಲನೆ

ದೀಪ, ಸದ್ದು ಎಲ್ಲಕ್ಕಿಂತ ಮೊದಲು ತಿದ್ದಬೇಕಾದದ್ದು ಗಾಡಿಯ ನಡಿಗೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ದೀಪವನ್ನು ನೋಡದವರೂ ಚಲನೆಯನ್ನು ನೋಡುತ್ತಾರೆ. ದೀಪ ಒಂದು ಹೇಳಿ ಚಲನೆ ಇನ್ನೊಂದು ಹೇಳಿದರೆ ಜನ ನಂಬುವುದು ಚಲನೆಯನ್ನೇ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿದ್ದ ಆಂಕಾ ಡ್ರಾಗನ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಈ ವಿಷಯದ ಒಂದು ಸೂಕ್ಷ್ಮವನ್ನು ಬಿಡಿಸಿ ತೋರಿಸಿದ್ದಾರೆ. ಯಂತ್ರದ ಗುರಿ ಮೊದಲೇ ಗೊತ್ತಿದ್ದವರು ನಿರೀಕ್ಷಿಸುವ ಚಲನೆ ಬೇರೆ, ಗುರಿ ಗೊತ್ತಿಲ್ಲದವರಿಗೆ ಅದನ್ನು ಬೇಗ ತಿಳಿಸಿಕೊಡುವ ಚಲನೆ ಬೇರೆ; ಎರಡನೆಯದಕ್ಕಾಗಿ ಯಂತ್ರ ಕೆಲವೊಮ್ಮೆ ನೇರವಾದ, ಹತ್ತಿರದ ದಾರಿಯನ್ನು ಬಿಟ್ಟು ಸ್ವಲ್ಪ ಬಳಸಿ ಹೋಗಬೇಕಾಗುತ್ತದೆ.

ನರ್ಸರಿಯ ದಾರಿ ಒಂದು ಕಡೆ ಕವಲೊಡೆಯುತ್ತದೆ: ಎಡಕ್ಕೆ ಸಸಿಗಳನ್ನು ಬಿಸಿಲಿಗೆ ಒಗ್ಗಿಸಿ ಗಟ್ಟಿ ಮಾಡುವ ಜಾಗ, ಬಲಕ್ಕೆ ಲೋಡಿಂಗ್ ಕಟ್ಟೆ. ಹಳೆಯ ಟೇಪು ದಾರಿಯ ನಟ್ಟನಡುವೆ ಬಂದು ಕವಲಿನ ಬಾಯಲ್ಲಿ ಒಮ್ಮೆಲೇ ತಿರುಗುತ್ತಿತ್ತು. ಎದುರಿಗಿದ್ದವರಿಗೆ ತಿರುವು ಗೊತ್ತಾಗುವಷ್ಟರಲ್ಲಿ ಗಾಡಿ ಮೈಮೇಲೆಯೇ ಬಂದಿರುತ್ತಿತ್ತು. ಆ ಭಾಗದ ಟೇಪನ್ನು ಕಿತ್ತು, ಕವಲು ಒಡೆಯುವ ಜಾಗವನ್ನೇ ಒಂದೂವರೆ ಮೀಟರ್ ಹಿಂದಕ್ಕೆ ತಂದು, ಎಡಕ್ಕೆ ಹೋಗುವ ಟೇಪು ಅಲ್ಲಿಂದಲೇ ಎಡಕ್ಕೆ ವಾಲಿ, ಬಲಕ್ಕೆ ಹೋಗುವುದು ಬಲಕ್ಕೆ ವಾಲಿ, ತಲಾ 15 ಸೆಂಟಿಮೀಟರ್ ಸರಿದ ಮೇಲೆ ದೊಡ್ಡ ವಕ್ರದಲ್ಲಿ ತಿರುಗುವಂತೆ ಅಂಟಿಸಿದೆ. ಒಂದು ಸಾಲು ಪ್ರೋಗ್ರಾಂ ಬದಲಿಸದೆ, ಒಂದು ದೀಪ ಹಚ್ಚದೆ, ಗಾಡಿ ಎತ್ತ ಹೋಗುತ್ತದೆಂಬುದು ಕವಲಿಗೆ ಮೊದಲೇ ಕಾಣತೊಡಗಿತು. ಇಡೀ ಕೆಲಸದಲ್ಲಿ ಅತ್ಯಂತ ಕಡಿಮೆ ಖರ್ಚಿನ ತಿದ್ದುಪಡಿ ಇದೇ, ಅತ್ಯಂತ ಹೆಚ್ಚು ಉಪಯೋಗಕ್ಕೆ ಬಂದದ್ದೂ ಇದೇ.

ವೇಗದ ವಿಷಯದಲ್ಲಿ ಹಳೆಯ ಪ್ರೋಗ್ರಾಂ ಎರಡನ್ನೇ ಬಲ್ಲದಾಗಿತ್ತು, ಪೂರ್ತಿ ಓಟ ಮತ್ತು ಪೂರ್ತಿ ನಿಲುಗಡೆ. ಓಟದ ವೇಗ ಸೆಕೆಂಡಿಗೆ 0.6 ಮೀಟರ್, ಅಂದರೆ ಮನುಷ್ಯನ ಸಾಧಾರಣ ನಡಿಗೆಯ ಅರ್ಧದಷ್ಟು. ವೇಗ ಹೆಚ್ಚೆಂದು ಯಾರೂ ದೂರಿರಲಿಲ್ಲ. ಆದರೆ ಎದುರಿಗೆ ಆಳು ಕಂಡಾಗ ಅದು ಒಂದು ಮೀಟರ್ ದೂರದವರೆಗೂ ಅದೇ ವೇಗದಲ್ಲಿ ಬಂದು ತಟ್ಟನೆ ನಿಲ್ಲುತ್ತಿತ್ತು. ಯಂತ್ರದ ಲೆಕ್ಕದಲ್ಲಿ ಇದು ಸುರಕ್ಷಿತ. ಎದುರಿಗೆ ನಿಂತವರ ಪಾಲಿಗೆ ಆ ಒಂದು ಮೀಟರ್ ಬರುವವರೆಗೆ ಅದು ತಮ್ಮನ್ನು ಕಂಡೇ ಇಲ್ಲ. ಈಗ 3 ಮೀಟರ್ ದೂರದಲ್ಲೇ ಅದು ವೇಗ ಇಳಿಸಲು ಆರಂಭಿಸುತ್ತದೆ, ಮುಂದಿನ ಒಂದು ಮೀಟರಿನೊಳಗೆ ಸೆಕೆಂಡಿಗೆ 0.3 ಮೀಟರಿಗೆ ಬರುತ್ತದೆ, ಆ ಮೇಲೂ ಆಳು ಕದಲದಿದ್ದರೆ ಇನ್ನೂ ಇಳಿಸಿ ಒಂದು ಮೀಟರ್ ಅಂತರದಲ್ಲಿ ನಿಲ್ಲುತ್ತದೆ. ಮೊದಲ ಇಳಿತಕ್ಕೆ ಎರಡು ಸೆಕೆಂಡಿಗಿಂತ ತುಸು ಹೆಚ್ಚು ಹಿಡಿಯುತ್ತದೆ. ಆ ಅವಧಿಯಲ್ಲಿ ಹೆಂಗಸರು ಗಾಡಿಯತ್ತ ಒಮ್ಮೆ ನೋಡಿ, ಕೈಯಲ್ಲಿದ್ದ ಸಸಿಯನ್ನು ಕುಳಿಗೆ ಸೇರಿಸಿ, ಆಮೇಲೆ ನಿಧಾನವಾಗಿ ಬದಿಗೆ ಸರಿಯುವುದನ್ನು ಕಂಡಾಗ ನನಗೆ ಬಹಳ ಸಮಾಧಾನವಾಯಿತು. ಹಿಂದೆ ಅವರು ಕೈಯಲ್ಲಿದ್ದದ್ದನ್ನು ಬಿಟ್ಟು ಹಾರುತ್ತಿದ್ದರು.

ಹೊರಡುವ ಕ್ಷಣ

ಅಪಾಯ ಹೆಚ್ಚಾಗಿರುವುದು ಓಟದಲ್ಲಿ ಅಲ್ಲ, ನಿಂತದ್ದು ಹೊರಡುವ ಕ್ಷಣದಲ್ಲಿ. ಟ್ರೇ ಜೋಡಿಸುವವರ ಎರಡೂ ಕೈ ಅಂತಸ್ತುಗಳ ನಡುವೆ ಇರುತ್ತವೆ. ಹಳೆಯ ವ್ಯವಸ್ಥೆಯಲ್ಲಿ ಗಾಡಿ ನಿಲ್ದಾಣದಲ್ಲಿ ಇಷ್ಟು ಹೊತ್ತು ಎಂದು ಕಾದು ತಾನಾಗಿಯೇ ಹೊರಡುತ್ತಿತ್ತು. ಇದನ್ನು ಪೂರ್ತಿಯಾಗಿ ತೆಗೆದುಹಾಕಿದೆ. ನಿಲ್ದಾಣದಲ್ಲಿ ನಿಂತ ಗಾಡಿ ಈಗ ಮನುಷ್ಯರು ಗುಂಡಿ ಒತ್ತದೆ ಕದಲುವುದಿಲ್ಲ. ಗುಂಡಿ ಅಂಗೈ ಅಗಲದ್ದು, ಗಾಡಿಯ ಎರಡೂ ಬದಿಗಳಲ್ಲಿ ಇದೆ, ಕಾಯುತ್ತಿರುವಾಗ ಅದರ ಸುತ್ತಲಿನ ಉಂಗುರ ನೀಲಿಯಾಗಿ ಉರಿಯುತ್ತದೆ. ಯಂತ್ರಗಳ ವಿದ್ಯುತ್ ಸುರಕ್ಷತೆಯ ಐಇಸಿ 60204-1 ಮಾನದಂಡದಲ್ಲಿ ಕೆಂಪು ತುರ್ತಿಗೆ, ಹಳದಿ ಅಸಹಜ ಸ್ಥಿತಿಗೆ, ಹಸಿರು ಸಹಜ ಸ್ಥಿತಿಗೆ, ನೀಲಿ ಮನುಷ್ಯರು ಏನಾದರೂ ಮಾಡಲೇಬೇಕಾದ ಸ್ಥಿತಿಗೆ ಮೀಸಲು. ನೀಲಿಯನ್ನು ಅಲ್ಲಿಂದಲೇ ತೆಗೆದುಕೊಂಡೆ.

ಗುಂಡಿ ಒತ್ತಿದ ಮೇಲೂ ಗಾಡಿ ತಕ್ಷಣ ಹೊರಡುವುದಿಲ್ಲ. ಒತ್ತಿದವರಿಗೆ ಗೊತ್ತಿದೆ, ಆದರೆ ಗಾಡಿಯ ಆ ಬದಿಯಲ್ಲಿ ಇರುವವರಿಗೆ ಗೊತ್ತಿಲ್ಲವಲ್ಲ. ಇಲ್ಲಿ ಬಸ್ಸಿನ ಕಂಡಕ್ಟರರ ಪದ್ಧತಿಯನ್ನು ಹಾಗೆಯೇ ಬಳಸಿಕೊಂಡೆ: ಎರಡು ಚಿಕ್ಕ ಸದ್ದು ಎಂದರೆ ಹೊರಡುತ್ತೇನೆ, ಒಂದು ಉದ್ದನೆಯ ಸದ್ದು ಎಂದರೆ ನಿಲ್ಲುತ್ತೇನೆ. ಎರಡು ಸೀಟಿಗೆ ಬಸ್ಸು ಹೊರಡುತ್ತದೆ, ಒಂದಕ್ಕೆ ನಿಲ್ಲುತ್ತದೆ ಎಂಬುದನ್ನು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಎರಡು ಸದ್ದಿನ ನಂತರ ಎರಡು ಸೆಕೆಂಡು ದೀಪ ಮಾತ್ರ ಚಲಿಸುತ್ತದೆ, ಆಮೇಲೆ ಚಕ್ರ ಸೆಕೆಂಡಿಗೆ 10 ಸೆಂಟಿಮೀಟರಿನಂತೆ ಮೊದಲ 30 ಸೆಂಟಿಮೀಟರ್ ತೆವಳುತ್ತದೆ, ಆಮೇಲಷ್ಟೇ ವೇಗ ಏರುತ್ತದೆ. ಹೀಗೆ ಪ್ರತಿ ಹೊರಡುವಿಕೆಗೂ ಐದು ಸೆಕೆಂಡು ವ್ಯರ್ಥವಾಗುತ್ತದೆಯೆಂದು ಮಾಲೀಕರು ಆಕ್ಷೇಪಿಸಿದರು. ಪ್ಲಗ್ ಕಿತ್ತು ಸಿಕ್ಕಿಸಲು ಹಿಡಿಯುತ್ತಿದ್ದ ಸಮಯವನ್ನು ಅವರಿಗೆ ನೆನಪಿಸಿದೆ. ಈ ಐದು ಸೆಕೆಂಡುಗಳನ್ನು ಕಡಿಮೆ ಮಾಡಲು ನಾನು ಒಪ್ಪಲಿಲ್ಲ, ಮುಂದೆಯೂ ಒಪ್ಪುವುದಿಲ್ಲ.

ರೋಬೋ ಸಂಶೋಧಕಿ ಲೀಲಾ ತಕಾಯಾಮಾ ಮತ್ತು ಸಂಗಡಿಗರು 2011ರಲ್ಲಿ ಕಾರ್ಟೂನ್ ಚಲನಚಿತ್ರಗಳ ತಂತ್ರವನ್ನು ರೋಬೋಗಳಿಗೆ ಅಳವಡಿಸಿ ನೋಡಿದ್ದರು. ಯಾವುದೇ ಕೆಲಸಕ್ಕೆ ತೊಡಗುವ ಮೊದಲು ಆ ಕೆಲಸಕ್ಕೆ ಅಣಿಯಾಗುವ ಭಂಗಿಯನ್ನು ತೋರಿಸುವುದು ಅದರಲ್ಲೊಂದು. ಗಾಡಿಗೆ ಕೈಯಿಲ್ಲ, ತಲೆಯಿಲ್ಲ. ಅಣಿಯಾಗುವ ಭಂಗಿ ತೋರಿಸಬೇಕಾದರೆ ಎರಡು ಬೆರಳಿನಷ್ಟು ಹಿಂದಕ್ಕೆ ಸರಿದು ಮುಂದೆ ಹೋಗಬೇಕು. ನೋಡಲು ಅದು ಬಹಳ ಸ್ಪಷ್ಟವಾಗಿರುತ್ತದೆ. ಆದರೆ ಲೋಡ್ ಮಾಡುವವರ ಕಾಲು ಇರುವುದು ಹಿಂದಿನ ಚಕ್ರದ ಪಕ್ಕದಲ್ಲೇ. ಆದ್ದರಿಂದ ಆ ವಿಚಾರವನ್ನು ಅಲ್ಲಿಗೇ ಕೈಬಿಟ್ಟು, ಆ ಕೆಲಸವನ್ನು ದೀಪಕ್ಕೆ ವಹಿಸಿದೆ.

ದೀಪ

ಮುಂಭಾಗಕ್ಕೆ ಮೀಟರಿಗೆ 60 ಎಲ್‌ಇಡಿ ಇರುವ, ಪ್ರತಿ ದೀಪದ ಬಣ್ಣವನ್ನೂ ಬೇರೆಬೇರೆಯಾಗಿ ಬದಲಿಸಬಹುದಾದ ಡಬ್ಲ್ಯೂಎಸ್2812ಬಿ ಪಟ್ಟಿಯನ್ನು ಅರ್ಧ ಮೀಟರ್ ಉದ್ದಕ್ಕೆ ಹಾಕಿದೆ, ಒಟ್ಟು 30 ದೀಪ. ಗಾಡಿಯ ಪ್ರೋಗ್ರಾಂ ಓಡಿಸುವ ಇಎಸ್‌ಪಿ32 ಬೋರ್ಡಿನಿಂದ ಹೊರಡುವ ಸಂಕೇತ 3.3 ವೋಲ್ಟಿನದು, 5 ವೋಲ್ಟಿನಲ್ಲಿ ಓಡುವ ಈ ಪಟ್ಟಿಗೆ ಕನಿಷ್ಠ 3.5 ವೋಲ್ಟ್ ಬೇಕು. ಮೇಜಿನ ಮೇಲೆ ಅದು ಹೇಗೋ ಕೆಲಸ ಮಾಡಿಬಿಡುತ್ತದೆ, ಮೋಟರಿನ ವೈರಿನ ಪಕ್ಕದಲ್ಲಿ ಒಂದೂವರೆ ಮೀಟರ್ ಎಳೆದಾಗ ಬಣ್ಣಗಳು ತಮಗೆ ತೋಚಿದಂತೆ ಕುಣಿಯುತ್ತವೆ. ಮನರಂಜನೆಯ ದೀಪವಾದರೆ ಸಹಿಸಿಕೊಳ್ಳಬಹುದು, ಜನ ನಂಬಿ ಹೆಜ್ಜೆಯಿಡುವ ದೀಪಕ್ಕೆ ಇದು ಸಲ್ಲದು. ಹೀಗಾಗಿ 74ಎಎಚ್‌ಸಿಟಿ125 ಐಸಿಯಿಂದ ಸಂಕೇತವನ್ನು 5 ವೋಲ್ಟಿಗೆ ಏರಿಸಿ, ಪಟ್ಟಿಯ ಬಾಯಲ್ಲಿ 470 ಓಮ್ ರೆಸಿಸ್ಟರ್, ವಿದ್ಯುತ್ ಪೂರೈಕೆಗೆ ಅಡ್ಡಲಾಗಿ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆ.

ದೀಪಗಳನ್ನು ಎಲ್ಲಿ ಕೂರಿಸಬೇಕು ಎಂಬುದು ಬಣ್ಣಕ್ಕಿಂತ ಮುಖ್ಯವಾದ ಪ್ರಶ್ನೆಯಾಯಿತು. ಮೂಲ ಗಾಡಿಯಲ್ಲಿ ಆಳೆತ್ತರದ ಕಂಬದ ಮೇಲೆ ತಿರುಗುವ ಕೆಂಪು ದೀಪವೊಂದಿತ್ತು. ನರ್ಸರಿಯ ಕೆಲಸದ ಬಹುಪಾಲು ಕುಕ್ಕರುಗಾಲಿನಲ್ಲಿ ಕೂತು ನಡೆಯುತ್ತದೆ: ಒಂದೇ ಕುಳಿಯಲ್ಲಿ ಎರಡು ಮೊಳೆತಿದ್ದರೆ ಒಂದನ್ನು ಕೀಳುವುದು, ಖಾಲಿ ಕುಳಿಗೆ ಬೇರೆ ಸಸಿ ಸೇರಿಸುವುದು, ಹುಳ ಬಿದ್ದ ಎಲೆ ಹುಡುಕುವುದು. ನಾನೂ ಮಡಿಯ ಪಕ್ಕದಲ್ಲಿ ಹಾಗೆಯೇ ಕೂತು ನೋಡಿದೆ. ಕಣ್ಣು ನೆಲದಿಂದ 80 ಸೆಂಟಿಮೀಟರಿನ ಆಸುಪಾಸಿನಲ್ಲಿತ್ತು, ಟ್ರೇ ತುಂಬಿದ ಗಾಡಿ ಬಂದಾಗ ಕಂಬದ ದೀಪ ಮೇಲೆಲ್ಲೋ ನೆಟ್‌ನ ಬೆಳಕಿನಲ್ಲಿ ಕರಗಿಹೋಯಿತು, ಮುಖದ ನೇರಕ್ಕೆ ಕಂಡದ್ದು ಕಬ್ಬಿಣದ ಚೌಕಟ್ಟು ಮಾತ್ರ. ಆದ್ದರಿಂದ ಮುಖ್ಯ ಪಟ್ಟಿಯನ್ನು ನೆಲದಿಂದ 60 ಸೆಂಟಿಮೀಟರ್ ಎತ್ತರದಲ್ಲಿ ಕೂರಿಸಿದೆ, ನಿಂತವರು ಸ್ವಲ್ಪ ತಲೆ ತಗ್ಗಿಸಿದರೆ ಅವರಿಗೂ ಕಾಣುತ್ತದೆ. ಮಧ್ಯಾಹ್ನದ ಬೆಳಕಿನಲ್ಲಿ ಪಟ್ಟಿ ಮಂಕಾಗದಂತೆ ಅದನ್ನು ಉದ್ದಕ್ಕೆ ಸೀಳಿದ ಕಪ್ಪು ಪಿವಿಸಿ ಪೈಪಿನೊಳಗೆ ಆಳವಾಗಿ ಇಳಿಸಿ, ಮುಂದೆ ಹಾಲುಬಣ್ಣದ ಅಕ್ರಿಲಿಕ್ ಹಾಳೆ ಕೂರಿಸಿದೆ. ಬೆಳಕನ್ನು ಹೆಚ್ಚಿಸುವುದಕ್ಕಿಂತ ಅದರ ಸುತ್ತ ಕತ್ತಲು ಒದಗಿಸುವುದು ಹೆಚ್ಚು ಫಲ ಕೊಟ್ಟಿತು.

ಸಂಕೇತಗಳನ್ನು ಆದಷ್ಟು ಕಡಿಮೆ ಇಟ್ಟಿದ್ದೇನೆ. ಹೊರಡುವ ಮೊದಲು ಬಿಳಿ ಬೆಳಕು ಪಟ್ಟಿಯ ನಡುವಿನಿಂದ ಎರಡೂ ಅಂಚಿಗೆ ನಿಧಾನವಾಗಿ ತುಂಬಿಕೊಳ್ಳುತ್ತದೆ, ಅಂಚು ಮುಟ್ಟಿದಾಗ ಚಕ್ರ ತಿರುಗುತ್ತದೆ. ಎಷ್ಟು ಹೊತ್ತು ಉಳಿದಿದೆ ಎಂಬುದು ಹೀಗೆ ಕಣ್ಣಿಗೇ ಕಾಣುತ್ತದೆ. ತಿರುವಿಗೆ ಆ ಬದಿಯಲ್ಲಿ ಕಿತ್ತಳೆ ಬಣ್ಣ ಮಿನುಗುತ್ತದೆ, ಬೈಕು ಆಟೋಗಳ ಇಂಡಿಕೇಟರಿನಂತೆಯೇ. ಮಾನದಂಡದ ಹಳದಿಗೆ ಬೇರೆ ಅರ್ಥವಿದ್ದರೂ ಜನರ ಅಭ್ಯಾಸದ ವಿರುದ್ಧ ಹೋಗುವುದು ಸರಿಯೆನಿಸಲಿಲ್ಲ. ದೋಷವಿದ್ದರೆ ಕೆಂಪು. ಕೆಂಪು ಹಸಿರುಗಳ ವ್ಯತ್ಯಾಸ ಕಾಣದವರು ಗಂಡಸರಲ್ಲಿ ಹೆಚ್ಚು, ಲೋಡಿಂಗ್ ಕಟ್ಟೆಯಲ್ಲಿ ಇರುವವರು ಹೆಚ್ಚಾಗಿ ಗಂಡಸರೇ. ಹಾಗಾಗಿ ಯಾವ ಎರಡು ಸಂಕೇತಗಳ ನಡುವೆಯೂ ಬಣ್ಣವೊಂದೇ ವ್ಯತ್ಯಾಸವಾಗಿ ಉಳಿಯದಂತೆ ನೋಡಿಕೊಂಡೆ. ಹಸಿರನ್ನು ಬಳಸಲೇ ಇಲ್ಲ. ನೆಟ್‌ನ ಕಾರಣ ಒಂದಾದರೆ, ಹಸಿರನ್ನು ಕಂಡವರು "ನಾನು ಹೋಗಬಹುದು" ಎಂದು ಓದಿಕೊಳ್ಳುತ್ತಾರೆಂಬುದು ದೊಡ್ಡ ಕಾರಣ.

ಈ ಕೊನೆಯ ಮಾತನ್ನು ಸ್ವಲ್ಪ ವಿವರಿಸಬೇಕು. ಯಂತ್ರ ತನ್ನ ಬಗ್ಗೆ ಮಾತ್ರ ಹೇಳಬೇಕು, ಎದುರಿನವರು ಏನು ಮಾಡಬೇಕೆಂದು ಹೇಳಬಾರದು. "ನಿಲ್ಲುತ್ತಿದ್ದೇನೆ" ಎಂಬುದಕ್ಕೆ ಗಾಡಿ ಜವಾಬ್ದಾರಿ ಹೊರಬಲ್ಲದು. "ನೀವು ದಾಟಿ" ಎಂದು ಹೇಳಿದ ಕ್ಷಣದಲ್ಲಿ ಅದು ತನಗೆ ಕಾಣದ ಸಂಗತಿಗಳಿಗೂ, ಅದರ ಹಿಂದಿನಿಂದ ನೀರಿನ ಪೈಪು ಎಳೆದುಕೊಂಡು ಓಡಿಬರುತ್ತಿರುವ ಹುಡುಗನಿಗೂ, ಭರವಸೆ ಕೊಟ್ಟಂತಾಗುತ್ತದೆ. "ದಾರಿ ಬಿಡಿ" ಎಂದು ಹೆಣ್ಣುದನಿಯಲ್ಲಿ ಹೇಳಿಸಿ ಎಂಬ ಮಾಲೀಕರ ಸಲಹೆಯನ್ನೂ ಇದೇ ಕಾರಣಕ್ಕೆ ಒಪ್ಪಲಿಲ್ಲ. ಮೇಲಾಗಿ ನಮ್ಮ ಭಾಗದಲ್ಲಿ ಕೆಲಸದ ಮಾತು ಕನ್ನಡವೂ ಹೌದು, ತೆಲುಗೂ ಹೌದು, ನಾಟಿಯ ಭರಾಟೆಯಲ್ಲಿ ಹೊರರಾಜ್ಯಗಳಿಂದ ಬಂದವರೂ ಇರುತ್ತಾರೆ. ಒಂದು ವಾಕ್ಯ ಮುಗಿಯುವಷ್ಟರಲ್ಲಿ ಗಾಡಿ ಒಂದು ಮೀಟರಿಗೂ ಹೆಚ್ಚು ಮುಂದೆ ಬಂದಿರುತ್ತದೆ.

ಕಂಡಿದ್ದೇನೆ ಎಂಬ ಸೂಚನೆ

ಹೆಂಗಸರ ಮುಖ್ಯ ಪ್ರಶ್ನೆ ಗಾಡಿ ಎತ್ತ ಹೋಗುತ್ತದೆ ಎಂಬುದಲ್ಲ, ಅದು ತಮ್ಮನ್ನು ಕಂಡಿದೆಯೇ ಎಂಬುದು. ಇದಕ್ಕೆ ಉತ್ತರ ಕೊಡಲು ಮೊದಲು ಗಾಡಿ ನಿಜವಾಗಿ ಕಾಣಬೇಕು. ಅದರಲ್ಲಿದ್ದದ್ದು ನೀರು ತಾಗಿದರೂ ಕೆಡದ, ಜೆಎಸ್‌ಎನ್-ಎಸ್‌ಆರ್04ಟಿ ಎಂಬ ಅಲ್ಟ್ರಾಸಾನಿಕ್ ಸೆನ್ಸರ್. ಗೋಡೆ, ಟ್ರೇ, ಕಬ್ಬಿಣದ ಕಂಬವನ್ನು ಅದು ಚೆನ್ನಾಗಿ ಹಿಡಿಯುತ್ತದೆ; ಆದರೆ ಸಡಿಲವಾದ ಹತ್ತಿಬಟ್ಟೆ ಶಬ್ದವನ್ನು ಹೀರಿಕೊಂಡು ಬಹಳ ಕಡಿಮೆಯನ್ನು ಹಿಂದಿರುಗಿಸುತ್ತದೆ. ಸೀರೆಯುಟ್ಟು, ಮೇಲೆ ಗಂಡಸರ ಹಳೆಯ ಷರ್ಟು ತೊಟ್ಟು, ಬೆನ್ನು ಹಾಕಿ ಕೂತ ಹೆಂಗಸನ್ನು ಅದು ಗೋಡೆಯಷ್ಟು ದೂರದಿಂದ ಗುರುತಿಸದು. ಅತಿಗೆಂಪು ಬೆಳಕಿನಿಂದ ದೂರ ಅಳೆಯುವ ವಿಎಲ್53ಎಲ್1ಎಕ್ಸ್ ಸೆನ್ಸರ್ ಬಟ್ಟೆಯನ್ನು ಚೆನ್ನಾಗಿ ಕಾಣುತ್ತದೆ, ಕತ್ತಲಲ್ಲಿ 4 ಮೀಟರ್ ತಲುಪುತ್ತದೆ, ಬಿಸಿಲಿನಲ್ಲಿ ಅದರ ವ್ಯಾಪ್ತಿ ತೀರಾ ಕುಗ್ಗುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುವಂತೆ ಎಡ, ನಡು, ಬಲ ಮೂರು ದಿಕ್ಕಿಗೂ ಎರಡೆರಡು ಜೋಡಿಸಿದೆ. ಎರಡರಲ್ಲಿ ಯಾವುದು "ಆಳು ಇದೆ" ಎಂದರೂ ಗಾಡಿ ಅದನ್ನೇ ನಂಬುತ್ತದೆ. ಎಲ್ಲವೂ ತಪ್ಪಿದರೆ ಮುಂದಿನ ರಬ್ಬರ್ ಬಂಪರಿನ ಲಿಮಿಟ್ ಸ್ವಿಚ್ ಇದೆ, ಅದು ಪ್ರೋಗ್ರಾಮನ್ನು ಕೇಳದೆ ಕಾಂಟ್ಯಾಕ್ಟರನ್ನು, ಅಂದರೆ ಮೋಟರಿಗೆ ವಿದ್ಯುತ್ ಕೊಡುವ ದೊಡ್ಡ ಸ್ವಿಚ್ಚನ್ನು, ನೇರವಾಗಿ ಬಿಡಿಸುತ್ತದೆ.

ಆಮೇಲೆ ಆ 30 ದೀಪಗಳನ್ನು ಹತ್ತರಂತೆ ಮೂರು ಪಾಲು ಮಾಡಿ, ಯಾವ ದಿಕ್ಕಿನಲ್ಲಿ ಆಳು ಕಂಡಿತೋ ಆ ಪಾಲು ಸ್ಥಿರವಾದ ಬಿಳಿಯಾಗಿ ಉರಿದು ಉಳಿದವು ಆರುವಂತೆ ಬರೆದೆ. ಆಕೆ ಎಡದಿಂದ ಬಲಕ್ಕೆ ದಾಟಿದರೆ ಬೆಳಕೂ ಅವಳ ಜೊತೆಯಲ್ಲಿ ಎಡದಿಂದ ಬಲಕ್ಕೆ ಸರಿಯುತ್ತದೆ. ಇದಕ್ಕೆ ನಾನು ಯಾವ ವಿವರಣೆಯನ್ನೂ ಕೊಡಬೇಕಾಗಿ ಬರಲಿಲ್ಲ. ಮೊದಲ ದಿನವೇ ಒಬ್ಬಾಕೆ ಮಡಿಯ ಬದಿಯಿಂದ ಕೈ ಚಾಚಿ ಬೀಸಿ, ಬೆಳಕು ತನ್ನತ್ತ ಬಂದದ್ದನ್ನು ನೋಡಿ, ಪಕ್ಕದವಳಿಗೆ "ನೋಡ್ತದೆ ಕಣಕ್ಕ" ಎಂದರು. ಆ ದೀಪದ ನಿಜವಾದ ಬೆಲೆ ಅದು ಉರಿಯದೇ ಇದ್ದಾಗ ತಿಳಿಯುತ್ತದೆ. ಗಾಡಿ ಹತ್ತಿರ ಬರುತ್ತಿದೆ, ತನ್ನ ಕಡೆಯ ಪಾಲು ಉರಿದಿಲ್ಲ ಎಂದರೆ ಅದು ತನ್ನನ್ನು ಕಂಡಿಲ್ಲ, ತಾನೇ ಏಳಬೇಕು. ಯಂತ್ರದ ಕುರುಡುತನವನ್ನೂ ಹೊರಗೆ ತೋರಿಸುವ ಸೂಚನೆಯೇ ಜನರಿಗೆ ಹೆಚ್ಚು ಉಪಯುಕ್ತವೆಂದು ನಾನು ನಂಬುತ್ತೇನೆ. ಎಲ್ಲವೂ ಸರಿಯಿದೆ ಎಂದು ಸದಾ ನಗುಮುಖ ತೋರಿಸುವ ಯಂತ್ರವನ್ನು ನಾನು ಯಾರ ಕೆಲಸದ ಜಾಗಕ್ಕೂ ಕಳುಹಿಸಲಾರೆ.

ಸದ್ದು

ಮೂಲ ಗಾಡಿಯ ಪೀಜೋ ಬಜರ್ ಓಡುವಷ್ಟು ಹೊತ್ತೂ ಕೂಗುತ್ತಿತ್ತು, ಆದ್ದರಿಂದ ಯಾರೂ ಅದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ಜೊತೆಗೆ ಅದು ಎಲ್ಲಿಂದ ಬರುತ್ತಿದೆ ಎಂಬುದೂ ತಿಳಿಯುತ್ತಿರಲಿಲ್ಲ. ಕೆಳಗಿನ ಸ್ವರಗಳ ದಿಕ್ಕನ್ನು ನಾವು ಎರಡು ಕಿವಿಗೆ ತಲುಪುವ ಕಾಲದ ಅಂತರದಿಂದ, ಮೇಲಿನ ಸ್ವರಗಳದ್ದನ್ನು ಜೋರಿನ ಅಂತರದಿಂದ ಗ್ರಹಿಸುತ್ತೇವೆ. ಸುಮಾರು 1500ರಿಂದ 3000 ಹರ್ಟ್ಜ್ ನಡುವೆ ಎರಡೂ ಉಪಾಯಗಳು ದುರ್ಬಲ, ಒಂದೇ ಸ್ವರದ ಬಜರುಗಳು ಬಹುಪಾಲು ಕೂಗುವುದು ಅದೇ ಎತ್ತರದ ಸುತ್ತಮುತ್ತ. ಹಲವು ಕಂಪನಾಂಕಗಳು ಬೆರೆತ, ಉಸಿರು ಬಿಟ್ಟಂಥ "ಶ್ಶ್" ಸದ್ದಿನ ದಿಕ್ಕು ಕಿವಿಗೆ ಸುಲಭವಾಗಿ ಸಿಗುತ್ತದೆ. ತುಂಬಿಟ್ಟ ಸದ್ದುಗಳನ್ನು ನುಡಿಸುವ ಡಿಎಫ್‌ಪ್ಲೇಯರ್ ಮಿನಿ ಮಾಡ್ಯೂಲಿಗೆ ಅಂಥ ಸದ್ದನ್ನು ಸೇರಿಸಿ, ಹೊರಡುವಾಗ ಎರಡು ಚಿಕ್ಕದು, ಅಡ್ಡಿಯಿಂದಲೋ ದೋಷದಿಂದಲೋ ನಿಂತಾಗ ಒಂದು ಉದ್ದನೆಯದು, ಉಳಿದ ಹೊತ್ತು ಮೌನ ಎಂದು ನಿಗದಿ ಮಾಡಿದೆ.

ಸೂಚನೆ ಸುಳ್ಳಾಗದಂತೆ

ಗಾಡಿಯನ್ನು ಹಿಂದಿರುಗಿಸುವ ಮೊದಲು ಹೆಚ್ಚು ಸಮಯ ತೆಗೆದುಕೊಂಡದ್ದು ಈ ಭಾಗ. ಜನ ಪ್ಲಗ್ ಕೀಳುವುದನ್ನು ಬಿಟ್ಟು ದೀಪವನ್ನು ನಂಬತೊಡಗಿದ ಮೇಲೆ, ದೀಪ ಕೆಟ್ಟರೆ ಗಾಡಿ ಮೊದಲಿಗಿಂತ ಹೆಚ್ಚು ಅಪಾಯಕಾರಿ. ಹೀಗಾಗಿ ದೀಪದ ಪಟ್ಟಿಗೆ ಹೋಗುವ ವಿದ್ಯುತ್ತನ್ನು ಐಎನ್‌ಎ219 ಮಾಡ್ಯೂಲಿನಿಂದ ಅಳೆಯುತ್ತೇನೆ. 30 ದೀಪಗಳು ಪೂರ್ತಿ ಬಿಳಿಯಾಗಿ ಉರಿದರೆ ಗರಿಷ್ಠ 1.8 ಆಂಪಿಯರ್ ಎಳೆಯುತ್ತವೆ, ಮಾಡ್ಯೂಲ್ ಅಳೆಯಬಲ್ಲದ್ದು 3.2 ಆಂಪಿಯರ್. ಹೊರಡುವ ಸೂಚನೆ ಕೊಟ್ಟಾಗ ಆ ಏರಿಕೆ ಕಾಣದಿದ್ದರೆ ಪ್ರೋಗ್ರಾಂ ಮೋಟರಿನ ಕಾಂಟ್ಯಾಕ್ಟರನ್ನು ಕೂಡಿಸುವುದೇ ಇಲ್ಲ, ಹೇಳಲಾಗದಿದ್ದರೆ ಹೊರಡುವಂತಿಲ್ಲ. ಗಾಡಿ ಓಡುತ್ತಿದೆ ಎಂದು ತೋರಿಸುವ ದೀಪ ಕೂಡ ಪ್ರೋಗ್ರಾಮಿನ ಆದೇಶದಿಂದಲ್ಲ, ಚಕ್ರ ತಿರುಗಿದ್ದನ್ನು ಅಳೆಯಲು ಅದಕ್ಕೆ ಕೂರಿಸಿದ ಎನ್‌ಕೋಡರಿನಿಂದ ನಡೆಯುತ್ತದೆ. ಸೂಚನೆಯ ನಂತರ ಒಂದು ಸೆಕೆಂಡಿನಲ್ಲಿ ಚಕ್ರ ತಿರುಗದಿದ್ದರೆ ಕೆಂಪು. ಸೂಚನೆಯಿಲ್ಲದೆ ಚಕ್ರ ತಿರುಗಿದರೆ, ಅಂದರೆ ಮೋಟರಿನ ವಿದ್ಯುತ್ತನ್ನು ನಿಯಂತ್ರಿಸುವ ಬಿಟಿಎಸ್7960 ಡ್ರೈವರ್ ಬೋರ್ಡು ಸುಟ್ಟು ಶಾರ್ಟ್ ಆಗಿ ಮೋಟರಿಗೆ ನೇರವಾಗಿ ವಿದ್ಯುತ್ ಹರಿದರೆ, ಕಾಂಟ್ಯಾಕ್ಟರ್ ಬಿಟ್ಟುಕೊಂಡು ಗಾಡಿ ನಿಲ್ಲುತ್ತದೆ. ಡ್ರೈವರಿನ ಔಟ್‌ಪುಟ್ಟಿಗೆ ಹೊರಗಿನಿಂದ ವೈರು ಕೊಟ್ಟು ಇದನ್ನು ಮೇಜಿನ ಮೇಲೂ, ಚಕ್ರಗಳನ್ನು ಎತ್ತಿ ನಿಲ್ಲಿಸಿಯೂ ಪರೀಕ್ಷಿಸಿದ್ದೇನೆ.

ಗಾಡಿಯ ಬೆನ್ನಿಗಿದ್ದ ಎರಡು ಸಾಲಿನ ಎಲ್‌ಸಿಡಿ ಪರದೆಯನ್ನು ಬಾಗಿಲಿನೊಳಗೆ ಸರಿಸಿದೆ. ಅದು ಇಂಗ್ಲಿಷಿನಲ್ಲಿ ದೋಷದ ಸಂಖ್ಯೆಗಳನ್ನು ತೋರಿಸುತ್ತದೆ, ನನಗೆ ಬೇಕಾಗುತ್ತದೆ, ಟ್ರೇ ಹೊತ್ತವರಿಗೆ ಬೇಕಾಗಿಲ್ಲ.

ಈಗ ಗಾಡಿ ಕೆಲಸದಲ್ಲಿದೆ. ಉಳಿದಿರುವ ತೊಡಕು ಫಾಗರ್‌ಗಳದ್ದು: ಮಂಜಿನಂತೆ ನೀರು ಸಿಂಪಡಿಸುವಾಗ ಆ ಹನಿಗಳನ್ನೇ ಅತಿಗೆಂಪು ಸೆನ್ಸರ್ ಆಳೆಂದು ತಿಳಿದು ಗಾಡಿ ನಿಂತುಬಿಡುತ್ತದೆ, ಮೂರೂ ಪಾಲು ಬಿಳಿಯಾಗಿ ಉರಿಯುತ್ತವೆ. ಸದ್ಯಕ್ಕೆ ಫಾಗರಿನ ಟೈಮರಿನಿಂದ ಒಂದು ವೈರು ಎಳೆದು, ಸಿಂಪಡಣೆ ಮುಗಿಯುವವರೆಗೆ ಗಾಡಿ ನಿಲ್ದಾಣದಲ್ಲೇ ಕಾಯುವಂತೆ ಮಾಡಿದ್ದೇನೆ. ಎರಡನೆಯ ಗಾಡಿ ಬೇಕೆಂದು ಮಾಲೀಕರು ಕೇಳುತ್ತಿದ್ದಾರೆ. ಎರಡು ಗಾಡಿಗಳು ಒಂದೇ ದಾರಿಯಲ್ಲಿ ಎದುರಾದಾಗ ಅವು ತಮ್ಮೊಳಗೆ ರೇಡಿಯೋ ಮೂಲಕ ಮಾತಾಡಿಕೊಂಡರೆ ಸಾಲದು, ಯಾವುದು ಕಾಯುತ್ತಿದೆ, ಯಾವುದು ಬರುತ್ತಿದೆ ಎಂಬುದು ನಡುವೆ ಕೂತವರಿಗೂ ಕಾಣಬೇಕು. ಅದರ ವಿನ್ಯಾಸ ಸಿದ್ಧವಾಗುವವರೆಗೆ ಒಂದೇ ಗಾಡಿ ಸಾಕೆಂದು ಹೇಳಿದ್ದೇನೆ. ಪ್ರತಿದಿನ ಬೆಳಿಗ್ಗೆ ಕೆಲಸಕ್ಕೆ ಮೊದಲು ಹೆಂಗಸರಲ್ಲೊಬ್ಬರು ನಿಂತ ಗಾಡಿಯ ಮುಂದೆ ಎಡದಿಂದ ಬಲಕ್ಕೆ ಒಮ್ಮೆ ನಿಂತು, ಒಮ್ಮೆ ಕೂತು ದಾಟುತ್ತಾರೆ. ಮೂರು ಪಾಲೂ ಕ್ರಮವಾಗಿ ಉರಿದರೆ ಬ್ಯಾಟರಿಯ ಮೇನ್ ಸ್ವಿಚ್ಚಿನ ಬೀಗದ ಕೈಯನ್ನು ಲೋಡಿಂಗ್ ಕಟ್ಟೆಯವರಿಗೆ ಕೊಡುತ್ತಾರೆ. ಒಂದು ಉರಿಯದಿದ್ದರೂ ಕೈ ಅವರ ಬಳಿಯೇ ಉಳಿಯುತ್ತದೆ, ನನಗೆ ಫೋನ್ ಬರುತ್ತದೆ.